ಬಿಸಿಲಿಗೆ ಅಂದಾಜು ಬರೆದ ವರ್ಷಗಳು

ಹದಿನೆಂಟು ವರ್ಷ ಮೈಸೂರಿನಲ್ಲಿ ಬೇರೆಯವರ ತಾರಸಿಗಳನ್ನು ಹತ್ತಿ ಇಳಿದಿದ್ದೇನೆ. ಕೆಲವು ಮನೆಗಳಿಗೆ ಮೆಟ್ಟಿಲಿರುತ್ತಿತ್ತು, ಕೆಲವಕ್ಕೆ ಬಿದಿರಿನ ಏಣಿ, ಇನ್ನು ಕೆಲವಕ್ಕೆ ಪಕ್ಕದ ಮನೆಯವರ ಕೃಪೆ. ಈಗ ಮಂಡಿ ಸವೆದಿದೆ. ಏನು ಕೆಲಸ ಮಾಡುತ್ತಿದ್ದಿರಿ ಎಂದು ಮೊನ್ನೆ ಡಾಕ್ಟರು ಕೇಳಿದಾಗ ಸೋಲಾರ್ ಎಸ್ಟಿಮೇಟರ್ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಮನೆಗೆ ಸೋಲಾರ್ ಹಾಕಿಸಿದರೆ ಖರ್ಚೆಷ್ಟು, ಉಳಿತಾಯ ಎಷ್ಟು, ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ಹುಟ್ಟುತ್ತದೆ ಎಂದು ಬರೆದುಕೊಡುವವನು ಎಂದು ಬಿಡಿಸಿ ಹೇಳಿದೆ. "ಹಾಗಾದ್ರೆ ನೀವು ಮಾರೋರಾ?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಸರಿಯಾದ ಉತ್ತರವಿಲ್ಲ.

ನಮ್ಮ ಬೀದಿಯ ಹುಡುಗಿಯೊಬ್ಬಳು ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ಅವಳ ಫೋನಿನಲ್ಲಿ ಮನೆಯ ತಾರಸಿ ಆಕಾಶದಿಂದ ನೋಡಿದಂತೆ ಕಾಣುತ್ತದೆ. ಬೆರಳಿನಿಂದ ನಾಲ್ಕು ಮೂಲೆ ಮುಟ್ಟಿದರೆ ಉಳಿತಾಯ ತಾನಾಗಿ ಬಂದುಬಿಡುತ್ತದೆ. ನಿಮ್ಮ ಕಾಲದಲ್ಲಿ ಹೇಗೆ ಮಾಡುತ್ತಿದ್ದಿರಿ ಅಂಕಲ್ ಎಂದು ಕೇಳಿದಳು. ಟೇಪು, ದಿಕ್ಸೂಚಿ, ಕ್ಯಾಲ್ಕುಲೇಟರು, ಕಾರ್ಬನ್ ಹಾಕಿದ ಫಾರಂ ಎಂದು ಹೇಳಿ ಕಳಿಸಿದೆ. ಅವಳಿಗೆ ಹೇಳದೆ ಉಳಿದದ್ದೇ ಹೆಚ್ಚು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಆಸೆಪಟ್ಟಲ್ಲ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದೆ. ತೊಂಬತ್ತರ ದಶಕದ ಮೊದಲಲ್ಲಿ ಅದು ಬಾಗಿಲು ಹಾಕಿತು. ಆರು ತಿಂಗಳು ಅಲೆದ ಮೇಲೆ ಸದಾಶಿವಪ್ಪ ಎಂಬುವರು ಕರೆದು ಕೆಲಸ ಕೊಟ್ಟರು. ಅವರದು ಹಿಂದಿನಿಂದ ಬೇಳೆಕಾಳಿನ ಸಗಟು ವ್ಯಾಪಾರದ ಮನೆತನ. ಇವರು ಇಂಜಿನಿಯರಿಂಗ್ ಓದಿ, ಅಪ್ಪನ ಮಂಡಿಯ ಅರ್ಧ ಭಾಗಕ್ಕೆ ಗಾಜಿನ ಬಾಗಿಲು ಹಾಕಿಸಿ, ಸೋಲಾರ್ ನೀರಿನ ಹೀಟರು ಮತ್ತು ದೀಪದ ಅಂಗಡಿ ತೆರೆದಿದ್ದರು. ಬೆಳಿಗ್ಗೆ ಹಣೆ ತುಂಬ ವಿಭೂತಿ ಇಟ್ಟುಕೊಂಡು ಬಂದು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಮಾತು ಕಡಿಮೆ. ತಪ್ಪು ಮಾಡಿದರೆ ಕೂಗಾಡುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದರು. ನಾನು ಅವರ ಕನ್ನಡಕವನ್ನು ಬಹಳ ಸಲ ಸ್ವಚ್ಛ ಮಾಡಿಸಿದ್ದೇನೆ.

ಮೊದಲ ಸಲ ಸರಸ್ವತಿಪುರಂನ ನಿವೃತ್ತ ಮೇಷ್ಟ್ರು ಶ್ರೀಕಂಠಯ್ಯನವರ ಮನೆಯ ವಿಷಯದಲ್ಲಿ. ಮೇ ತಿಂಗಳಲ್ಲಿ ಹೋಗಿ ತಾರಸಿ ನೋಡಿದೆ. ಬಿಸಿಲು ಸುರಿಯುತ್ತಿತ್ತು. ದಕ್ಷಿಣದ ಮೂಲೆ ಚೆನ್ನಾಗಿದೆ ಎಂದು ಹೀಟರಿಗೆ ಅಲ್ಲೇ ಜಾಗ ಗುರುತು ಮಾಡಿದೆ. ವರ್ಷದಲ್ಲಿ ಇಷ್ಟು ದಿನ ಬಿಸಿನೀರು, ಇಷ್ಟು ಕರೆಂಟು ಉಳಿಯುತ್ತದೆ ಎಂದು ಬರೆದುಕೊಟ್ಟೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದ. ಆ ಕಡೆಯ ಮನೆಯ ಸಿಲ್ವರ್ ಓಕ್ ಮರದ ನೆರಳು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ನಮ್ಮ ಹೀಟರಿನ ಮೇಲೇ ಬಂದು ಮಲಗಿತು. ಮೇಷ್ಟ್ರು ಶಿಸ್ತಿನ ಮನುಷ್ಯ. ಬಕೆಟ್ಟಿಗೆ ಥರ್ಮಾಮೀಟರು ಅದ್ದಿ, ದಿನಾ ಬೆಳಿಗ್ಗೆ ಅಂಗಡಿಗೆ ಫೋನು ಮಾಡಿ, ಇವತ್ತು ಇಷ್ಟು ಡಿಗ್ರಿ ಎಂದು ಹೇಳಿ ಇಟ್ಟುಬಿಡುತ್ತಿದ್ದರು. ಬೈಗುಳವಿಲ್ಲ, ದೂರಿಲ್ಲ. ಹನ್ನೊಂದನೆಯ ದಿನ ಸದಾಶಿವಪ್ಪನವರು ಕನ್ನಡಕ ಒರೆಸುತ್ತ, "ನಮ್ಮ ಕೆಲಸ ಬಿಸಿಲು ಅಳೆಯೋದಲ್ಲ ಕಣ್ರೀ ಚಂದ್ರಶೇಖರ್, ನೆರಳು ಅಳೆಯೋದು" ಎಂದರು. ಹೀಟರನ್ನು ಇನ್ನೊಂದು ಮೂಲೆಗೆ ಸಾಗಿಸಿದೆವು. ಪೈಪಿನ ಖರ್ಚು ಅಂಗಡಿಯದು. ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ದಕ್ಷಿಣಕ್ಕೆ ತಿರುಗಿ, ಪಕ್ಕದವರ ಮರ ಎಷ್ಟು ಎತ್ತರ, ಇನ್ನೊಂದು ಅಂತಸ್ತು ಕಟ್ಟುವ ಅಂದಾಜು ಅವರಿಗಿದೆಯೇ ಎಂದು ವಿಚಾರಿಸತೊಡಗಿದೆ. ಅದರಿಂದ ನನ್ನನ್ನು ಕೆಲವರು ಸೈಟಿನ ಬ್ರೋಕರು ಎಂದುಕೊಂಡದ್ದೂ ಉಂಟು.

ಇದು ಹೇಳಿಕೊಂಡು ನಗಬಹುದಾದ ತಪ್ಪು. ಮುಂದಿನದು ಹಾಗಲ್ಲ.

ಉದಯಗಿರಿಯ ಅಂಚಿನಲ್ಲಿ ಆಗಿನ್ನೂ ಕಂಬ ಬರದ ಬೀದಿಗಳಿದ್ದವು. ಸೈಟಿನ ಕಾಗದ ಪತ್ರ ಇತ್ಯರ್ಥವಾಗದೆ ಕರೆಂಟಿನ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಅಲ್ಲಿ ಅನ್ವರ್ ಎಂಬ ಸ್ಕೂಟರ್ ಮೆಕ್ಯಾನಿಕ್ ಇದ್ದ. ಅವನ ಹೆಂಡತಿ ಮುಮ್ತಾಜ್ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಒಂದೇ ಕೋಣೆ, ಮೇಲೆ ಸಿಮೆಂಟ್ ಶೀಟು. ಎರಡು ಚಿಕ್ಕ ಟ್ಯೂಬ್‌ಲೈಟಿನ ಸೋಲಾರ್ ದೀಪಕ್ಕೆ ಎಸ್ಟಿಮೇಟ್ ಕೊಡಿ ಎಂದು ಅನ್ವರ್ ಅಂಗಡಿಗೆ ಬಂದಿದ್ದ. ನಾನು ಹೋದೆ. ಸೀಮೆಎಣ್ಣೆಗೆ ತಿಂಗಳಿಗೆಷ್ಟು ಹೋಗುತ್ತದೆ ಎಂದು ಕೇಳಿ ಬರೆದುಕೊಂಡೆ. ನಮ್ಮ ಫಾರಂನಲ್ಲಿ ದಿನಕ್ಕೆ ದೀಪ ಉರಿಯುವ ಅವಧಿ ನಾಲ್ಕು ಗಂಟೆ ಎಂದು ಮೊದಲೇ ಅಚ್ಚಾಗಿರುತ್ತಿತ್ತು. ಮೂಲೆಯಲ್ಲಿ ಬಟ್ಟೆ ಮುಚ್ಚಿದ ಹೊಲಿಗೆ ಯಂತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಅದು ಎಷ್ಟು ಹೊತ್ತು ಓಡುತ್ತದೆ ಎಂದು ನಾನು ಕೇಳಲಿಲ್ಲ. ಅಚ್ಚಾಗಿದ್ದ ನಾಲ್ಕರ ಕೆಳಗೆ ಗೆರೆ ಎಳೆದು ಮುಂದಿನ ಸಾಲಿಗೆ ಹೋದೆ.

ಅನ್ವರ್ ಬ್ಯಾಟರಿಗಳ ನಡುವೆ ಬದುಕಿದವನು. ಕೇಳಬೇಕಾದದ್ದನ್ನು ಅವನೇ ಕೇಳಿದ.

"ಬ್ಯಾಟರಿ ಅಂದ್ಮೇಲೆ ಒಂದಿನ ಸಾಯ್ಲೇಬೇಕಲ್ಲ ಸಾರ್. ಇದು ಯಾವತ್ತು ಸಾಯುತ್ತೆ?"

ಐದು ವರ್ಷ ಎಂದೆ. ಬ್ಯಾಟರಿಯ ಜೊತೆ ಬಂದ ಕರಪತ್ರದಲ್ಲಿ ಹಾಗೆ ಇತ್ತು. ಬಾಯಲ್ಲಿ ಹೇಳಿದ್ದಲ್ಲದೆ ಎಸ್ಟಿಮೇಟಿನ ಕೆಳಗೆ ನನ್ನ ಕೈಯಲ್ಲೇ ಬರೆದು ಸಹಿ ಹಾಕಿದೆ. ಮೂರು ವರ್ಷಕ್ಕೆ ಸೀಮೆಎಣ್ಣೆಯ ದುಡ್ಡಿನಲ್ಲೇ ದೀಪದ ದುಡ್ಡು ಹುಟ್ಟುತ್ತದೆ, ಉಳಿದ ಎರಡು ವರ್ಷದ್ದು ನಿಮ್ಮ ಲಾಭ ಎಂದು ವಿವರಿಸಿದೆ. ಮುಮ್ತಾಜ್ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಎರಡನೆಯ ವರ್ಷ, ರಂಜಾನ್ ತಿಂಗಳ ನಡುವೆ, ಅನ್ವರ್ ಅಂಗಡಿಗೆ ಬಂದು ದೀಪ ಹತ್ತುತ್ತಿಲ್ಲ ಎಂದ. ಹೋಗಿ ನೋಡಿದೆ. ಬ್ಯಾಟರಿ ಪೂರ್ತಿ ಸತ್ತಿತ್ತು. ಕಂಟ್ರೋಲರ್ ಎಂಬ ಸಣ್ಣ ಪೆಟ್ಟಿಗೆಯೊಂದು ಇರುತ್ತದೆ. ಬ್ಯಾಟರಿ ತೀರಾ ಬರಿದಾಗುವ ಮೊದಲು ದೀಪ ಆರಿಸಿಬಿಡುವುದು ಅದರ ಕೆಲಸ. ಅನ್ವರ್ ಅದನ್ನು ದಾಟಿಸಿ ನೇರ ವೈರು ಕೊಟ್ಟಿದ್ದ. ಯಾಕಪ್ಪಾ ಹೀಗೆ ಮಾಡಿದೆ ಎಂದು ಕೇಳಿದೆ. ಹೊಲಿಯುತ್ತಿರುವಾಗಲೇ ದೀಪ ಆರಿಹೋಗುತ್ತಿತ್ತು ಸಾರ್, ಅವಳು ದಿನಾ ಒಂಬತ್ತು ಹತ್ತು ಗಂಟೆ ದೀಪ ಹಾಕುತ್ತಾಳೆ ಎಂದ. ಬೆಳಕು ಬಂದ ಮೇಲೆ ಮುಮ್ತಾಜ್ ಬಟ್ಟೆ ಅಂಗಡಿಯವರಿಂದ ಹೆಚ್ಚು ಕೆಲಸ ಒಪ್ಪಿಕೊಂಡಿದ್ದಳು. ಹಬ್ಬಕ್ಕೆ ಅಂತ ಮಕ್ಕಳ ಬಟ್ಟೆಯ ಎರಡು ದೊಡ್ಡ ಆರ್ಡರು ಹಿಡಿದಿದ್ದಳು. ಕತ್ತರಿಸಿದ ಬಟ್ಟೆ ಗೋಡೆಯ ಪಕ್ಕ ಸೊಂಟದ ಎತ್ತರಕ್ಕೆ ಬಿದ್ದಿತ್ತು. ಅಂಗಡಿಯವನು ಅರ್ಧ ಬಟ್ಟೆ ವಾಪಸ್ ತೆಗೆದುಕೊಂಡು ಹೋಗಿ ಬೇರೆಯವರಿಗೆ ಕೊಟ್ಟನಂತೆ.

ಅವಳು ಆ ದಿನ ಮೊದಲ ಸಲ ನನ್ನೊಂದಿಗೆ ನೇರವಾಗಿ ಮಾತಾಡಿದಳು. ಸಿಟ್ಟಿರಲಿಲ್ಲ. ಅದೇ ಕಷ್ಟ.

"ನೀವು ಐದು ವರ್ಷ ಅಂತ ಬರ್ದ್ರಿ. ನಂಗೆ ಓದಕ್ಕೆ ಬರಲ್ಲ, ಇವ್ರು ಓದಿ ಹೇಳಿದ್ರು. ನೀವು ಬರೀದೆ ಇದ್ದಿದ್ರೆ ನಾನು ಲಾಟೀನು ಕೊಟ್ಬುಡ್ತಿರ್ಲಿಲ್ಲ ಸಾರ್."

ಎರಡು ಲಾಟೀನನ್ನೂ ಅವಳು ನಾದಿನಿಗೆ ಕೊಟ್ಟುಬಿಟ್ಟಿದ್ದಳು.

ಅಂಗಡಿಗೆ ವಾಪಸ್ ಬಂದೆ. ಸದಾಶಿವಪ್ಪನವರು ಮಠಕ್ಕೆ ಹೋಗಿದ್ದರು. ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಮಾದರಿ ದೀಪದ ಬ್ಯಾಟರಿಯನ್ನು ಕಳಚಿ, ಆಟೋದಲ್ಲಿ ಹಾಕಿಕೊಂಡು ಹೋಗಿ ಅನ್ವರ್ ಮನೆಗೆ ಕೂರಿಸಿ ಬಂದೆ. ಯಾರನ್ನೂ ಕೇಳಲಿಲ್ಲ. ಮಾರನೆಯ ದಿನ ಸದಾಶಿವಪ್ಪನವರು ಮಾದರಿ ದೀಪದ ಸ್ವಿಚ್ಚು ಒತ್ತಿದರು. ಹತ್ತಲಿಲ್ಲ. ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದರು. ಕಂಟ್ರೋಲರ್ ದಾಟಿಸಿದವನು ಅವನು, ಆದ್ದರಿಂದ ವಾರಂಟಿ ಇಲ್ಲ, ಕಾಯಿದೆ ಪ್ರಕಾರ ನಮ್ಮದೇನೂ ತಪ್ಪಿಲ್ಲ ಎಂದರು. ಅದು ನಿಜವೂ ಆಗಿತ್ತು. ನಾಲ್ಕು ಗಂಟೆ ಅಂತ ಬರೆದವನು ನಾನು ಸಾರ್, ಅವರಿಗೆ ಬೇಕಿದ್ದದ್ದು ಒಂಬತ್ತು ಗಂಟೆ, ಕೇಳಿದ್ದರೆ ದೊಡ್ಡ ಬ್ಯಾಟರಿ ಬರೆಯುತ್ತಿದ್ದೆ ಎಂದೆ. ದೊಡ್ಡ ಬ್ಯಾಟರಿಯ ಬೆಲೆ ಕೇಳಿದ್ದರೆ ಅವರು ಕೊಳ್ಳುತ್ತಲೇ ಇರಲಿಲ್ಲ ಎಂದರು. ಅದೂ ನಿಜ. ಎಸ್ಟಿಮೇಟಿನಲ್ಲಿ ಬ್ಯಾಟರಿ ಬದಲಿಸುವ ಖರ್ಚಿಗೆ ಒಂದು ಸಾಲು ಇರಬೇಕು, ಐದು ವರ್ಷ ಎಂದು ಬರೆಯಲು ಇನ್ನು ನನ್ನ ಕೈಯಲ್ಲಾಗುವುದಿಲ್ಲ ಎಂದೆ. ಸದಾಶಿವಪ್ಪನವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

"ನಾವು ಬರೀತೀವಿ, ಪಕ್ಕದ ರಸ್ತೆಯೋನು ಬರೆಯಲ್ಲ. ಜನ ಅವನ ಹತ್ರ ಹೋಗ್ತಾರೆ. ಅಲ್ಲೂ ಇದೇ ಬ್ಯಾಟರಿ, ಅಲ್ಲೂ ಸಾಯುತ್ತೆ. ಯಾರಿಗೆ ಏನು ಒಳ್ಳೇದು ಮಾಡ್ದಂಗಾಯ್ತು ಹೇಳಿ?"

ಆದರೂ ಫಾರಂ ಬದಲಾಗದೆ ನಾನು ಹೊಸ ಮನೆಗೆ ಹೋಗುವುದಿಲ್ಲ ಎಂದೆ. ಆಗ ನನಗೆ ನಲವತ್ನಾಲ್ಕು ವರ್ಷ. ಬೇರೆ ಕೆಲಸ ಸಿಗುವ ವಯಸ್ಸಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಲೂ ಇಲ್ಲ.

ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ಸದಾಶಿವಪ್ಪನವರು ಸ್ಕೂಟರಿನ ಕೀ ತೆಗೆದುಕೊಂಡು, ಆ ಮನೆ ತೋರಿಸಿ ಬನ್ನಿ ಎಂದರು. ಉದಯಗಿರಿಯವರೆಗೆ ಅವರ ಹಿಂದೆ ಕೂತು ಹೋದೆ. ಮುಮ್ತಾಜ್ ಚಾಪೆ ಹಾಕಿದಳು. ಕೂತರು. ಸತ್ತ ಬ್ಯಾಟರಿ ಹೊರಗೆ ಒರಗಿಸಿಟ್ಟಿತ್ತು, ಅದನ್ನು ನೋಡಿದರು. ಉಳಿದ ಬಟ್ಟೆಯ ರಾಶಿ ನೋಡಿದರು. ಅನ್ವರ್ ಟೀ ತರಿಸಿದ, ಕುಡಿದರು. ವಾಪಸ್ ಬರುವಾಗ ಸಿಗ್ನಲ್ ಹತ್ತಿರ ಸ್ಕೂಟರು ನಿಲ್ಲಿಸಿದಾಗ, ಹಿಂದಕ್ಕೆ ತಿರುಗದೆ, "ಹೊಸ ಫಾರಂ ಅಚ್ಚು ಹಾಕ್ಸಿ. ಗಂಟೆ ಅನ್ನೋ ಜಾಗ ಖಾಲಿ ಬಿಡ್ಸಿ" ಎಂದರು. ಮಾದರಿ ದೀಪದ ಬ್ಯಾಟರಿಯ ಸುದ್ದಿಯನ್ನು ಮತ್ತೆಂದೂ ಎತ್ತಲಿಲ್ಲ. ಮುಮ್ತಾಜಳ ಆ ಹಬ್ಬದ ಆರ್ಡರು ಮಾತ್ರ ಹೋದದ್ದು ಹೋಯಿತು. ಬಟ್ಟೆ ಅಂಗಡಿಯವನು ಮುಂದಿನ ವರ್ಷ ಅವಳನ್ನು ಕರೆಯಲಿಲ್ಲ ಎಂದು ಆಮೇಲೆ ಅನ್ವರ್ ಹೇಳಿದ.

ಹೊಸ ಫಾರಂ ಬಂದ ಮೇಲೆ ಸದಾಶಿವಪ್ಪನವರು ಹೇಳಿದಂತೆಯೇ ಆಯಿತು. ವ್ಯಾಪಾರ ಇಳಿಯಿತು. ಬ್ಯಾಟರಿಯ ಸಾಲು ಓದಿ ಜನ ಹಿಂದೆ ಸರಿದರು. ನಾನು ಎಸ್ಟಿಮೇಟ್ ಹಾಕಲು ಹೋದರೆ ಬರುವ ಗಿರಾಕಿಯೂ ಓಡಿಹೋಗುತ್ತಾನೆ ಎಂದು ಅಂಗಡಿಯ ಫಿಟ್ಟರುಗಳು ತಮಾಷೆ ಮಾಡುತ್ತಿದ್ದರು. ನನಗೆ ಒಳಗೊಳಗೆ ಅದೊಂದು ಹೆಮ್ಮೆ. ಸುಳ್ಳು ಬರೆಯದ ಮನುಷ್ಯ ಎಂದು ನನ್ನನ್ನೇ ನಾನು ಮೆಚ್ಚಿಕೊಂಡು ನಾಲ್ಕೈದು ವರ್ಷ ಓಡಾಡಿದೆ. ಎರಡನೆಯ ದೊಡ್ಡ ತಪ್ಪು ಮಾಡಿಸಿದ್ದು ಆ ಹೆಮ್ಮೆಯೇ.

ಅಷ್ಟರಲ್ಲಿ ವಿಜಯನಗರದ ಕಡೆ ಬಡಾವಣೆಗಳು ಎದ್ದಿದ್ದವು. ಅಲ್ಲಿ ಪುಟ್ಟೇಗೌಡರು ಎಂಬುವರು ಮನೆ ಕಟ್ಟಿಸಿದ್ದರು. ವರುಣಾ ಕಡೆಯ ಹಳ್ಳಿಯವರು. ಹೆಬ್ಬಾಳದ ಇನ್ನೊಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಮನೆಯಲ್ಲಿ ತಂದೆ ತಾಯಿ, ತಮ್ಮ, ಇಬ್ಬರು ಹೆಣ್ಣುಮಕ್ಕಳು, ಗಂಡ ಹೆಂಡತಿ, ಒಟ್ಟು ಏಳು ಜನ. ಹೆಂಡತಿಯ ಹೆಸರು ಜಯಮ್ಮ. ಅವರೇ ಹಠ ಹಿಡಿದು ಗಂಡನಿಂದ ನಮಗೆ ಫೋನು ಮಾಡಿಸಿದ್ದರು ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಮನೆಯ ಹಿಂದೆ ಬಚ್ಚಲು, ಅದರಲ್ಲಿ ತಾಮ್ರದ ಹಂಡೆ, ಕೆಳಗೆ ಒಲೆ. ಸ್ನಾನದ ನೀರಿಗೆ ಈಗ ಏನು ಖರ್ಚು ಎಂದು ಕೇಳಿದೆ. ಪುಟ್ಟೇಗೌಡರು ನಕ್ಕು, ಊರಿನ ನಮ್ಮ ತೆಂಗಿನ ಗರಿ, ಮಟ್ಟೆ, ಸಿಪ್ಪೆ ತಿಂಗಳಿಗೊಂದು ಸಲ ಟೆಂಪೋದಲ್ಲಿ ಬರುತ್ತದೆ, ಪುಕ್ಕಟೆ ಎಂದರು. ನಾನು ತಾರಸಿ ಅಳೆದೆ, ನೆರಳು ನೋಡಿದೆ, ಎಲ್ಲ ಚೆನ್ನಾಗಿತ್ತು. ಕೆಳಗೆ ಬಂದು ಲೆಕ್ಕ ಹಾಕಿದೆ. ಸೌದೆಯ ಖರ್ಚು ಸೊನ್ನೆ. ಆದ್ದರಿಂದ ಉಳಿತಾಯದ ಜಾಗದಲ್ಲಿ "ಇಲ್ಲ" ಎಂದು ಬರೆದೆ. ಹಾಕಿದ ದುಡ್ಡು ಹುಟ್ಟುವ ಅವಧಿಯ ಜಾಗದಲ್ಲಿ "ಹುಟ್ಟುವುದಿಲ್ಲ" ಎಂದು ಬರೆದು ಸಹಿ ಮಾಡಿದೆ. ಪುಟ್ಟೇಗೌಡರು ಎರಡು ಸಲ ಓದಿದರು. ಮಾರಲು ಬಂದವನು ಬೇಡ ಎಂದು ಹೇಳಿದ್ದನ್ನು ನಾನು ನೋಡಿಯೇ ಇಲ್ಲ ಎಂದು ಕೈ ಹಿಡಿದುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಯಮ್ಮ ನನ್ನನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು. ಕಾಫಿ ತಂದುಕೊಟ್ಟದ್ದು ಅವರ ಮಗಳು. ಬಹಳ ಸಮಾಧಾನದಿಂದ ಕುಡಿದು ಬಂದೆ.

ಮೂರು ವರ್ಷ ಕಳೆದ ಮೇಲೆ ಅದೇ ಬೀದಿಯಲ್ಲಿ, ಅವರ ಪಕ್ಕದ ಮನೆಗೇ ಎಸ್ಟಿಮೇಟ್ ಹಾಕಲು ಹೋಗಬೇಕಾಯಿತು. ತಾರಸಿಯ ಮೇಲೆ ಟೇಪು ಹಿಡಿದು ನಿಂತಾಗ ಹೊಗೆ ಬಂತು. ಕೆಳಗೆ ನೋಡಿದರೆ ಪುಟ್ಟೇಗೌಡರ ಹಿತ್ತಿಲಲ್ಲಿ ಜಯಮ್ಮ ಮಚ್ಚು ಹಿಡಿದು ತೆಂಗಿನ ಮಟ್ಟೆ ಸೀಳುತ್ತಿದ್ದರು. ಎರಡು ಏಟು ಹಾಕುವುದು, ನಿಲ್ಲಿಸಿ ಕೆಮ್ಮುವುದು, ಮತ್ತೆ ಎರಡು ಏಟು. ನಾನು ಇಳಿದು ಬಂದಾಗ ಕಾಂಪೌಂಡಿನ ಆಚೆ ನಿಂತಿದ್ದರು. ನೀವೇ ಅಲ್ಲವೇ ಆವತ್ತು ಬಂದವರು ಎಂದರು. ಹೌದು ಎಂದೆ, ಚೆನ್ನಾಗಿದ್ದೀರಾ ಎಂದೂ ಕೇಳಿದೆ. ಅವರು ಮಚ್ಚನ್ನು ಕಾಂಪೌಂಡಿನ ಮೇಲೆ ಇಟ್ಟರು.

"ಸೌದೆ ಪುಕ್ಕಟೆ ಅಂತ ಬರ್ದ್ರಿ. ಅದನ್ನ ಸೀಳೋಳು, ಒಣಗ್ಸೋಳು, ಉರಿ ಮುಂದೆ ಕೂರೋಳು ಯಾರು ಅಂತ ಒಂದ್ಮಾತು ಕೇಳ್ಲಿಲ್ಲ. ಸೌದೆ ಜೊತೆ ನನ್ನೂ ಪುಕ್ಕಟೆ ಅಂತ ಬರ್ದ್ಬುಟ್ರಿ ಸಾರ್."

ಇಷ್ಟು ಹೇಳಿ ಮಚ್ಚು ಎತ್ತಿಕೊಂಡು ಒಳಗೆ ಹೋದರು. ಗಂಡನಿಗೆ ಮೊದಲ ಶಿಫ್ಟ್ ಇದ್ದ ವಾರ ಕಾರ್ಖಾನೆಯ ಬಸ್ಸು ಐದೂಮುಕ್ಕಾಲಿಗೆ ಬರುತ್ತದೆ, ಅದಕ್ಕೆ ಮೊದಲು ನೀರು ಕಾಯಬೇಕು, ಜಯಮ್ಮ ನಾಲ್ಕೂವರೆಗೆ ಏಳುತ್ತಾರೆ, ಎರಡು ವರ್ಷದಿಂದ ಕೆಮ್ಮು ಬಿಟ್ಟಿಲ್ಲ ಎಂದು ಪಕ್ಕದ ಮನೆಯಾಕೆ ಹೇಳಿದರು. ಆ ಮನೆಯ ಎಸ್ಟಿಮೇಟನ್ನು ಆವತ್ತು ಮುಗಿಸಲಾಗಲಿಲ್ಲ. ಅಳತೆ ಎರಡು ಸಲ ತಪ್ಪಿತು.

ಮುಂದಿನ ಭಾನುವಾರ ಯಾರೂ ಕರೆಯದೆ ಪುಟ್ಟೇಗೌಡರ ಮನೆಗೆ ಹೋದೆ. ಈಗ ಲೆಕ್ಕ ಬೇರೆ ಥರ ಹಾಕಬೇಕು ಅನ್ನಿಸುತ್ತಿದೆ, ಹೊಗೆ, ಕೆಲಸದ ಹೊತ್ತು, ಆರೋಗ್ಯ ಇವನ್ನೆಲ್ಲ ಸೇರಿಸಬೇಕಿತ್ತು ಎಂದೆ. ಅವರು ಬೀರು ತೆರೆದು, ಮನೆಯ ಪತ್ರಗಳಿದ್ದ ಫೈಲಿನಿಂದ ನನ್ನ ಹಳೆಯ ಎಸ್ಟಿಮೇಟನ್ನು ತೆಗೆದರು. ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಟ್ಟಿದ್ದರು.

"ನೀವೇ ಅಲ್ವಾ ಸಾರ್ ಸೈನ್ ಹಾಕಿರೋದು? ಬೇರೆ ಕಂಪ್ನಿಯೋರು ಎರಡ್ಸಲ ಬಂದಿದ್ರು. ಇದನ್ನೇ ತೋರ್ಸಿ ಕಳಿಸ್ದೆ. ಸತ್ಯವಂತ್ರು ಬರ್ಕೊಟ್ಟವ್ರೆ, ಲಾಭ ಇಲ್ಲ ಅಂತ."

ನನ್ನ ಅಕ್ಷರ ನನಗೇ ಎದುರು ನಿಂತಿತ್ತು. ಪುಟ್ಟೇಗೌಡರು ಕೆಟ್ಟವರಲ್ಲ. ಹೆಂಡತಿಯ ಕೆಮ್ಮಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು, ಔಷಧಿ ತಂದಿದ್ದರು. ಒಲೆಗೂ ಕೆಮ್ಮಿಗೂ ಸಂಬಂಧವಿದೆ ಎಂದು ಡಾಕ್ಟರು ಹೇಳಿದ್ದನ್ನೂ ಅಲ್ಲಗಳೆಯಲಿಲ್ಲ. ನಮ್ಮವ್ವ ಅರವತ್ತು ವರ್ಷ ಉರಿ ಹಾಕಿದ್ದಾಳೆ ಸಾರ್ ಎಂದಷ್ಟೇ ಹೇಳಿದರು. ಒಳಗಿನಿಂದ ಪಾತ್ರೆಯ ಸದ್ದು ಬರುತ್ತಿತ್ತು. ಜಯಮ್ಮ ಹೊರಗೆ ಬರಲಿಲ್ಲ. ನಾನು ಎದ್ದು ಬಂದೆ.

ಆವತ್ತು ನಮ್ಮ ಮನೆಯಲ್ಲಿ ನೀರು ಕಾಯಿಸಲು ನೀನು ಎಷ್ಟು ಗಂಟೆಗೆ ಏಳುತ್ತೀಯ ಎಂದು ನನ್ನ ಹೆಂಡತಿ ಲಲಿತಳನ್ನು ಕೇಳಿದೆ. ಅವಳು ಹೇಳಿದಳು. ಮದುವೆಯಾಗಿ ಇಪ್ಪತ್ತೈದು ವರ್ಷವಾಗಿತ್ತು, ನನಗೆ ಗೊತ್ತಿರಲಿಲ್ಲ. ಯಾಕೆ ಕೇಳಿದಿರಿ ಎಂದು ಅವಳು ಕೇಳಲೂ ಇಲ್ಲ.

ಅಂಗಡಿಗೆ ಆಗ ರೂಪಾ ಎಂಬ ಇಂಜಿನಿಯರ್ ಹುಡುಗಿ ಸೇರಿದ್ದಳು. ಕಂಪ್ಯೂಟರು ಬಂದಿತ್ತು. ಕಾರ್ಬನ್ ಫಾರಂ ಹೋಗಿ, ಅಂಕಿ ತುಂಬಿದರೆ ತಾನೇ ಕೂಡಿ ಕಳೆಯುವ ಪಟ್ಟಿ ಬಂದಿತ್ತು. ಕರೆಂಟಿನ ದರ ವರ್ಷವರ್ಷ ಇಷ್ಟಿಷ್ಟು ಏರುತ್ತದೆ ಎಂದು ಒಂದು ಅಂಕಿ ಕೊಟ್ಟರೆ ಇಪ್ಪತ್ತು ವರ್ಷದ ಉಳಿತಾಯ ಬಣ್ಣದ ಗೆರೆಯಾಗಿ ಮೇಲೆ ಮೇಲೆ ಹೋಗುತ್ತಿತ್ತು. ಗಿರಾಕಿಗಳು ಆ ಗೆರೆಯನ್ನು ಬಾಯಿಬಿಟ್ಟು ನೋಡುತ್ತಿದ್ದರು. ದರ ಏರಿಕೆಯ ಅಂಕಿ ಎಲ್ಲಿಂದ ತಂದೆಯಮ್ಮ ಎಂದು ರೂಪಾಳನ್ನು ಕೇಳಿದರೆ, ಎಲ್ಲರೂ ಇದನ್ನೇ ಹಾಕುತ್ತಾರೆ ಸಾರ್ ಎಂದಳು. ಅಚ್ಚಾಗಿದ್ದ ನಾಲ್ಕು ಗಂಟೆಯ ಕಥೆಯನ್ನು ಅವಳಿಗೆ ಹೇಳಿದೆ. ಜಾಣೆ. ಆ ಅಂಕಿಯನ್ನು ಅಳಿಸಿ ಖಾಲಿ ಬಿಟ್ಟಳು, ಗಿರಾಕಿಯ ಎದುರೇ ಅವರನ್ನು ಕೇಳಿ ತುಂಬತೊಡಗಿದಳು.

ಜಯಮ್ಮನವರ ಮಾತನ್ನೂ ಅವಳಿಗೆ ಹೇಳಿದ್ದೆ. ಒಂದು ದಿನ ಪಟ್ಟಿಯಲ್ಲಿ ಹೊಸ ಸಾಲು ಸೇರಿಸಿ ತೋರಿಸಿದಳು. ಮನೆಯವರ ಶ್ರಮ, ದಿನಕ್ಕೆ ಇಷ್ಟು ಹೊತ್ತು, ಕೂಲಿ ದರದಲ್ಲಿ ತಿಂಗಳಿಗೆ ಇಷ್ಟು ರೂಪಾಯಿ. ಉತ್ಸಾಹದಿಂದ ಒಂದು ತಿಂಗಳು ಅದನ್ನು ಕೊಟ್ಟು ನೋಡಿದೆವು. ಮನೆ ಕೆಲಸಕ್ಕೂ ಕೂಲಿ ಹಾಕುತ್ತೀರಾ ಎಂದು ಗಂಡಸರು ನಕ್ಕರು. ಹೆಂಗಸರು ತಲೆ ತಗ್ಗಿಸಿದರು. ಅವರಿಗೆ ಅದು ಅವಮಾನದಂತೆ ಕಂಡಿತ್ತು. ಸದಾಶಿವಪ್ಪನವರು ಸಾಲು ತೆಗೆಯಿರಿ ಎಂದರು. ಕೂಲಿಯನ್ನು ತೆಗೆದೆವು, ಹೊತ್ತನ್ನು ಬಿಟ್ಟುಕೊಂಡೆವು. ಯಾರು ಏಳುತ್ತಾರೆ, ಎಷ್ಟು ಗಂಟೆಗೆ ಏಳುತ್ತಾರೆ ಎಂಬ ಎರಡು ಪ್ರಶ್ನೆ ಮಾತ್ರ ಉಳಿಯಿತು. ಅದನ್ನು ಓದಿ ಯಾರಾದರೂ ಮನಸ್ಸು ಬದಲಿಸಿದರೋ ಇಲ್ಲವೋ ನನಗೆ ತಿಳಿಯದು. ಒಂದೆರಡು ಮನೆಗಳಲ್ಲಿ, ಉತ್ತರ ಗೊತ್ತಿಲ್ಲದ ಗಂಡ ತನ್ನ ಹೆಂಡತಿಯ ಮುಖ ನೋಡಿದ್ದನ್ನು ಕಂಡಿದ್ದೇನೆ. ನಮ್ಮ ಕೈಲಾದದ್ದು ಅಷ್ಟು.

ಪುಟ್ಟೇಗೌಡರ ಮನೆಗೆ ಕೊನೆಗೂ ಹೀಟರು ಬಂತು. ಬಂದದ್ದು ನನ್ನ ಮಾತಿನಿಂದಲ್ಲ, ಜಯಮ್ಮನವರ ಕೆಮ್ಮಿನಿಂದಲೂ ಅಲ್ಲ. ಸೋಲಾರ್ ಹೀಟರು ಇದ್ದವರಿಗೆ ಕರೆಂಟು ಬಿಲ್ಲಿನಲ್ಲಿ ಸ್ವಲ್ಪ ರಿಯಾಯಿತಿ ಸಿಗುತ್ತದೆ ಎಂದು ಅವರ ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರು. ಪುಟ್ಟೇಗೌಡರು ಬಿಲ್ಲು ಹಿಡಿದುಕೊಂಡು ನೇರ ಅಂಗಡಿಗೆ ಬಂದರು. ಈಗ ಲಾಭ ಇದೆಯಲ್ಲ ಸಾರ್ ಎಂದರು. ಇದೆ ಎಂದೆ. ಹೊಸ ಎಸ್ಟಿಮೇಟು ಬರೆದುಕೊಟ್ಟೆ. ಉಳಿತಾಯದ ಜಾಗದಲ್ಲಿ ರಿಯಾಯಿತಿಯ ಚಿಕ್ಕ ಮೊತ್ತ ಬಂತು. ಅಷ್ಟು ಸಣ್ಣ ಮೊತ್ತಕ್ಕೆ ಅಷ್ಟು ವರ್ಷ ಕಾಯಬೇಕಾಯಿತೇ ಎಂದು ಬರೆಯುವಾಗ ಅನ್ನಿಸಿತು. ಬೇಡ ಎಂದು ಬರೆದುಕೊಟ್ಟವನಿಗೆ ಆ ಮಾತಾಡುವ ಹಕ್ಕು ಎಲ್ಲಿಂದ ಬರಬೇಕು?

ಹಾಕಿಸಿದ ಮೇಲೆ ಒಂದು ತಿಂಗಳಿಗೆ ಹೋಗಿ ನೋಡಿಬರುವುದು ಉದಯಗಿರಿಯ ನಂತರ ನಾವು ಮಾಡಿಕೊಂಡ ಪದ್ಧತಿ. ಹೋದೆ. ಅದು ನಾನು ನಿವೃತ್ತನಾಗುವ ಹಿಂದಿನ ವರ್ಷ. ಪುಟ್ಟೇಗೌಡರು ಶಿಫ್ಟಿಗೆ ಹೋಗಿದ್ದರು. ಜಯಮ್ಮ ಬಚ್ಚಲಿಗೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿ ತೋರಿಸಿದರು. ಹಂಡೆಯನ್ನು ತೊಳೆದು ಬೋರಲು ಹಾಕಿದ್ದರು. ಕೆಮ್ಮು ಪೂರ್ತಿ ಹೋಗಿರಲಿಲ್ಲ, ಕಡಿಮೆಯಾಗಿದೆ ಎಂದರು. ಹಳೆಯ ಮಾತನ್ನು ಅವರು ಎತ್ತಲಿಲ್ಲ. ನಾನು ತಡೆಯಲಾರದೆ, ಆವತ್ತು ನಾನು ನಿಮ್ಮನ್ನು ಕೇಳಬೇಕಿತ್ತಮ್ಮ, ತಪ್ಪಾಯಿತು ಎಂದೆ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಇವರೂ ಕೇಳಿರಲಿಲ್ಲ ಬಿಡಿ ಎಂದರು.

ತಪಾಸಣೆಯ ಫಾರಂ ತೆಗೆದು, ಈಗ ಎಷ್ಟು ಗಂಟೆಗೆ ಏಳುತ್ತೀರಿ ಎಂದು ಕೇಳಿದೆ. ಅದೇ ನಾಲ್ಕೂವರೆ ಎಂದರು. ಅಭ್ಯಾಸ, ಎಚ್ಚರ ತಾನಾಗಿ ಆಗುತ್ತದೆ ಎಂದರು. ನನಗೆ ಪೆಚ್ಚಾಯಿತು. ಎದ್ದು ಏನು ಮಾಡುತ್ತೀರಿ ಎಂದೆ. ಅವರು ಸ್ವಲ್ಪ ನಾಚಿಕೊಂಡರು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಮನೆಯ ಕಡೆ ನೋಡಿದರು.

"ಏನೂ ಮಾಡಲ್ಲ ಸಾರ್. ಒಂದ್ಲೋಟ ಕಾಫಿ ಇಟ್ಕೊಂಡು ಇಲ್ಲೇ ಮೆಟ್ಲು ಮೇಲೆ ಒಂದ್ಗಂಟೆ ಸುಮ್ನೆ ಕೂತಿರ್ತೀನಿ. ಎಲ್ರೂ ಮಲಗಿರ್ತಾರೆ."

ಫಾರಂನ ಕೊನೆಯಲ್ಲಿ ಗ್ರಾಹಕರ ಅಭಿಪ್ರಾಯ ಎಂದು ಒಂದು ಗೆರೆ ಇರುತ್ತದೆ. ಎಲ್ಲ ಮನೆಗಳಿಗೂ ಅಲ್ಲಿ ತೃಪ್ತಿಕರ ಎಂದು ಬರೆದು ಅಭ್ಯಾಸ. ಆವತ್ತು ಬೇರೆ ಬರೆದೆ. ಬೆಳಿಗ್ಗೆ ಒಂದು ಗಂಟೆ ಹೊತ್ತು ಸುಮ್ಮನೆ ಕೂತಿರುತ್ತಾರೆ ಎಂದು ಬರೆದೆ. ಸಂಜೆ ಸದಾಶಿವಪ್ಪನವರ ಮುಂದೆ ಇಟ್ಟೆ. ಅವರು ಓದಿದರು. ಕನ್ನಡಕಕ್ಕೆ ಕೈ ಹೋಯಿತು, ಆದರೆ ತೆಗೆಯಲಿಲ್ಲ. ಇನ್ನೊಂದು ಸಲ ಓದಿ, ಸಹಿ ಹಾಕಿ, ಕಾಗದವನ್ನು ನನ್ನ ಕಡೆ ತಳ್ಳಿದರು.